ಗೊರಕೆ ನಿಂತ ಮೇಲೆ

ಮಾರ್ಚ್ 3. ಬೆಳಗ್ಗೆ 8.10

ಎಂದಿನಂತೆ ಮೊದಲು ಬ್ಲೋವರ್, ಆಮೇಲೆ ಕಂಪ್ರೆಸರ್. ಕಂಪ್ರೆಸರ್ ನೆಲದಡಿಯ ನೀರಿಗೆ ಗಾಳಿ ಊದುತ್ತದೆ. ಗುಳ್ಳೆಗಳು ಅಲ್ಲಿ ಸೋರಿ ಸೇರಿದ ಪೆಟ್ರೋಲನ್ನು ಹೊತ್ತು ಮೇಲೇಳುತ್ತವೆ. ಬ್ಲೋವರ್ ಆ ಆವಿಯನ್ನು ಎಳೆದು ಇದ್ದಿಲಿನ ಡ್ರಮ್ಮಿಗೆ ತಳ್ಳುತ್ತದೆ. ಹಿಂದುಮುಂದಾದರೆ ಆವಿ ಅಕ್ಕಪಕ್ಕದ ಮನೆಗಳಿಗೆ ನುಗ್ಗುತ್ತದೆ. ಮೊದಲನೇ ಮನೆಯೇ ನನ್ನ ಅಕ್ಕನದು.

ಸಂಜೆ 5.00

ಎಂಜಿನಿಯರ್ ಮೇಡಂ ಫೋನು. “ನಾಳೆ ಆಫ್ ಮಾಡ್ಬಿಡಿ. ನಾಲ್ಕು ವಾರ ಮುಟ್ಬೇಡಿ. ಆಮೇಲೆ ಸ್ಯಾಂಪಲ್.”

ಗಾಳಿ ಊದುವಾಗ ನೀರು ಸುಧಾರಿಸಿದಂತೆ ಕಾಣುವುದು ಸಹಜ. ನಿಲ್ಲಿಸಿದ ಮೇಲೂ ಪೆಟ್ರೋಲ್ ಮರಳಿ ಬರಬಾರದು — ಅದೇ ಪರೀಕ್ಷೆ. ಬಂದರೆ ಅಕ್ಕನ ಬಾವಿಗೆ ಕಾಂಕ್ರೀಟ್ ಸುರಿದು ಶಾಶ್ವತವಾಗಿ ಮುಚ್ಚುತ್ತಾರೆ. ಭಾವ ಕೈಯಾರೆ ತೋಡಿದ ಬಾವಿ. ಇಲ್ಲಿ ಮೊದಲಿದ್ದ ಪೆಟ್ರೋಲ್ ಬಂಕಿನ ಟ್ಯಾಂಕು ಸೋರಿದಾಗಿನಿಂದ, ಮೂರು ವರ್ಷ, ಮುಚ್ಚಳಕ್ಕೆ ಬೀಗ.

ಮಾರ್ಚ್ 4

ನಿಲ್ಲಿಸಿದೆ. ಕಂಪ್ರೆಸರ್ ಮೊದಲು, ಅರ್ಧ ಗಂಟೆ ಬಿಟ್ಟು ಬ್ಲೋವರ್. ಗಲ್ಲಿಯೆಲ್ಲ ಬಿಕೋ ಅನ್ನುತ್ತಿದೆ.

ಮಾರ್ಚ್ 7

ಭಾವ ಗೇಟಿನ ಬಳಿ ಕಾಯುತ್ತಿದ್ದರು. “ನಿನ್ನ ಗೊರಕೆಪ್ಪ ನಿಂತ್ಮೇಲೆ ನಿದ್ದೇನೇ ಬರ್ತಿಲ್ಲ ಕಣೇ.” ಇದೇ ಬ್ಲೋವರಿನ ಸದ್ದಿಗೆ ಎರಡು ವರ್ಷ ನನ್ನ ತಲೆ ತಿಂದವರು! “ಮತ್ತೆ ಚಾಲೂ ಮಾಡ್ಲಾ ಭಾವಾ?” ಅಂದೆ. ಗಾಬರಿಯಿಂದ ಎರಡೂ ಕೈ ಆಡಿಸಿದರು.

ಏಪ್ರಿಲ್ 1. ಮಧ್ಯಾಹ್ನ

ಸ್ಯಾಂಪಲ್ ಮುಗಿಯಿತು. ಬಾಟಲಿ ಒಯ್ಯುವ ಲ್ಯಾಬಿನ ಡ್ರೈವರ್ ಸೆಂಟ್ ಪೂಸಿಕೊಂಡು ಬಂದಿದ್ದ. ಗೇಟಿನಾಚೆಯೇ ನಿಲ್ಲಿಸಿದೆ. ವಾಸನೆಯ ಯಾವ ವಸ್ತುವೂ ಬಾಟಲಿ ಹತ್ತಿರ ಸುಳಿಯಬಾರದು — ದೊಡ್ಡ ಭಾಷಣವನ್ನೇ ಬಿಗಿದೆ. ನೆಲದ ನೀರಿನ ತಪಾಸಣೆಗೆ ಹೂತ ಆರು ಪೈಪು ಆದವು. ಅಕ್ಕನ ಬಾವಿಯ ಸರದಿ ಬಂದಾಗ ಕರೆಂಟ್ ಕೈಕೊಟ್ಟಿತು. ಜನರೇಟರಿಗೆ ಪೆಟ್ರೋಲ್ ಹಾಕಿ, ಮುಚ್ಚಳದ ತೂತಿನಲ್ಲಿ ಇಳಿಬಿಟ್ಟ ಪಂಪ್ ಓಡಿಸಿ, ಮುಗಿಸಿದೆ. ಕೊನೆಗೆ, ತಾಳೆ ನೋಡಲು, ಲ್ಯಾಬಿನವರು ಕೊಟ್ಟಿದ್ದ ಶುದ್ಧ ನೀರನ್ನೂ ಒಂದು ಬಾಟಲಿಗೆ ತುಂಬಿದೆ.

ಏಪ್ರಿಲ್ 9. 11.20

ರಿಪೋರ್ಟ್ ಬಂತು. ಆರೂ ಪೈಪು ಸ್ವಚ್ಛ. ಅಕ್ಕನ ಬಾವಿ — ಮಿತಿಯ ನಾಲ್ಕು ಪಟ್ಟು.

ಮುಂದೆ ಓದಲಾಗಲಿಲ್ಲ.

ಗೋಡೆಯಾಚೆಯಿಂದ ಅಕ್ಕ. “ಏನಾದ್ರೂ ಬಂತೇನೇ?”

“ಇನ್ನೂ ಇಲ್ಲ ಕಣೇ.”

ಏಪ್ರಿಲ್ 12

ಎರಡು ದಿನ ಈ ಡೈರಿ ಮುಟ್ಟಲಿಲ್ಲ. ಬಾಟಲಿ ಒಡೆದಿತ್ತು, ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ ಅಂದುಬಿಟ್ಟರೆ? ಹಾಗೆ ಯೋಚಿಸಿದೆ. ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತಿದೆ. ಅದೇ ನೀರನ್ನು ಅಕ್ಕ ಕುಡಿಯುವವಳು... ಬೆಳಗ್ಗೆ ಮೇಡಂಗೆ ಫೋನ್ ಮಾಡಿ ಬಾವಿಯ ಅಂಕಿಯನ್ನು ಇದ್ದಂತೆ ಹೇಳಿದೆ.

“ರಿಪೋರ್ಟ್ ನಾನೂ ತೆರೆದೆ, ಇರಿ. ಎರಡನೇ ಪುಟ ನೋಡಿದ್ರಾ?”

“ಇಲ್ಲ ಮೇಡಂ.”

“ತಾಳೆ ಬಾಟಲೀಲೂ ಪೆಟ್ರೋಲ್ ಇದ್ಯಲ್ರೀ. ಶುದ್ಧ ನೀರಿಗೆ ಎಲ್ಲಿಂದ ಬಂತು? ಬಾವಿ ಹತ್ರ ಹೋಗೋ ಮುಂಚೆ ಏನ್ ಮುಟ್ಟಿದ್ರಿ?”

ಜನರೇಟರ್. ಪೆಟ್ರೋಲ್ ಕ್ಯಾನು. ಗ್ಲೌಸ್ ಬದಲಿಸಿರಲಿಲ್ಲ.

ಆ ಕಡೆ ನಗು. “ಸೆಂಟ್ ಹಾಕಿದ ಡ್ರೈವರನ್ನ ಆಚೆ ನಿಲ್ಸಿದ್ರಂತೆ?”

ಮುಖ ಎಲ್ಲಿ ಇಟ್ಟುಕೊಳ್ಳಲಿ! ಸೋಮವಾರ ಮತ್ತೆ ಸ್ಯಾಂಪಲ್, ಮೇಡಂ ಎದುರಲ್ಲೇ.

ಸಂಜೆ

ಅಕ್ಕನಿಗೆ ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ. “ನಿನ್ ಕೈಯ ಕೊಳೆಗೆ ನನ್ ಬಾವಿ ಯಾಕೆ ಬೈಸ್ಕೋಬೇಕು?” ಅಂದಳು. ಬೈಗುಳ ಇಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ಅಷ್ಟರಲ್ಲಿ ಭಾವ ಬಾವಿಯ ರಾಟೆಗೆ ಎಣ್ಣೆ ಬಿಡಲು ಹೊರಟಿದ್ದರು. ಓಡಿ ಹೋಗಿ ಡಬ್ಬಿ ಕಿತ್ತುಕೊಂಡೆ.

ಏಪ್ರಿಲ್ 14

ಬಾಟಲಿಗೊಂದು ಹೊಸ ಗ್ಲೌಸ್. ಕರೆಂಟ್ ಇತ್ತು. ಜನರೇಟರ್ ಇರುವ ಕಡೆ ತಿರುಗಿಯೂ ನೋಡಲಿಲ್ಲ.

ಏಪ್ರಿಲ್ 22. 3.45

ಹೊಸ ರಿಪೋರ್ಟ್: ಪೆಟ್ರೋಲ್ ಪತ್ತೆಯಾಗಿಲ್ಲ. ಬಾವಿಯಲ್ಲೂ ಇಲ್ಲ, ತಾಳೆ ಬಾಟಲಿಯಲ್ಲೂ ಇಲ್ಲ. ಎರಡನೇ ಪುಟವನ್ನು ಮೂರು ಸಲ ಓದಿದೆ. ಶೆಡ್ಡಿನ ಬಾಗಿಲು ಹಾಕಿಕೊಂಡು ಮನಸಾರೆ ಅತ್ತುಬಿಟ್ಟೆ. ಹೆಗಲ ಮೇಲಿನ ಮೂಟೆ ಇಳಿದಂತಾಗಿದೆ. ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು ಅಂದರು ಮೇಡಂ. ನೋಡೋಣ, ಜೀವನವಿಡೀ ನೋಡೋಣ.

ಏಪ್ರಿಲ್ 26. ಬೆಳಗ್ಗೆ 9.00

ಬೀಗ ತೆಗೆದಾಯಿತು. ತುಕ್ಕು ಹಿಡಿದು ಭಾವನನ್ನು ಹತ್ತು ನಿಮಿಷ ಸತಾಯಿಸಿತು. ಒಳಗೆ ಬಗ್ಗಿ ಮೂಸಿದೆ. ತಂಪು, ಒದ್ದೆ ಕಲ್ಲು, ಬೇರೇನೂ ಇಲ್ಲ. ಒಣ ರಾಟೆ ಕಿರ್ರೆನ್ನುತ್ತಿದೆ. ಅದು ಕೇಳಿದರೆ ರಾತ್ರಿ ನಿದ್ದೆ ಬರುತ್ತದಂತೆ ಭಾವನಿಗೆ.

ಬರೆಯುತ್ತ ಕೂತಿದ್ದೇನೆ, ಅಕ್ಕ ಕೂಗುತ್ತಿದ್ದಾಳೆ. ಮೊದಲ ಕೊಡ ನಾನೇ ಸೇದಬೇಕಂತೆ. “ಬಾರೇ ಬೇಗ! ಆದ್ರೆ ಹಗ್ಗ ಮುಟ್ಟೋ ಮುಂಚೆ, ಸೋಪು ಹಾಕಿ ಕೈ—”