ತಡವಾಗಿ ಬರುವ ಮಾತು

ಮಾರ್ಚ್ ೧೧, ಮಂಗಳವಾರ

ಇವತ್ತೂ ಆಗಲಿಲ್ಲ. ಅಪ್ಪನಿಗೆಂದು ಮಾಡುತ್ತಿರುವ ಶ್ರವಣಯಂತ್ರದ ಚಿಪ್‌ನಲ್ಲಿ ಲೆಕ್ಕ ಮಾಡುವ ಕೋರ್‌ಗಳು ಆರು: ಎರಡು ದೊಡ್ಡವು, ನಾಲ್ಕು ಸಣ್ಣವು. ಎಲ್ಲಕ್ಕೂ ಸಮನಾಗಿ ಕೆಲಸ ಹಂಚಿದ್ದು ನನ್ನ ದಡ್ಡತನ. ದೊಡ್ಡವು ಬೇಗ ಮುಗಿಸಿ, ಸಣ್ಣವು ಮುಗಿಸುವವರೆಗೆ ಸುಮ್ಮನೆ ಕಾಯುತ್ತವೆ; ಮಾತು ಕಿವಿಗೆ ತಡವಾಗಿ ತಲುಪುತ್ತದೆ. "ನೀನು ಬಾಯಿ ಮುಚ್ಚಿದ ಮೇಲೆ ನಿನ್ನ ಮಾತು ಕೇಳ್ಸುತ್ತೆ ಕಣೇ," ಅಂದಿದ್ದರು ಅಪ್ಪ, ನಗುತ್ತಲೇ. ದೊಡ್ಡವಕ್ಕೇ ಹೆಚ್ಚು ಹೊರಿಸಿದೆ. ಮಾತು ಹೊತ್ತಿಗೆ ಸರಿಯಾಗಿ ಬಂತು, ಆದರೆ ದೊಡ್ಡವು ಹೆಚ್ಚು ವಿದ್ಯುತ್ ನುಂಗಿ ಬ್ಯಾಟರಿ ಮಧ್ಯಾಹ್ನಕ್ಕೇ ಸತ್ತಿತು. ತಲೆ ಕೆಟ್ಟುಹೋಗಿದೆ.

ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ: "ಅಪ್ಪ, ಇದು ನನ್ನ ಕೈಲಾಗಲ್ಲ. ಬಿಟ್ಟುಬಿಡ್ತೀನಿ."

ತಟ್ಟೆಯಿಂದ ತಲೆಯೆತ್ತಿ ನಕ್ಕರು. "ಹೌದು ಮಗಳೇ, ಈಗ ಎಲ್ಲಾ ಚೆನ್ನಾಗಿ ಕೇಳ್ಸ್ತಿದೆ."

ಕಿವಿಯಲ್ಲಿ ಏನೂ ಇರಲಿಲ್ಲ. ಯಂತ್ರ ಅಂಗಿಯ ಜೇಬಿನಲ್ಲಿತ್ತು. ನಾನು ಮತ್ತೆ ಹೇಳಲು ಹೋಗಲಿಲ್ಲ. ಹೇಳಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ.