ಇಡೀ ಲೈನಿಗೆ ಒಂದು ಟೋಕನ್: ನೈತಿಕತೆ ವಿಭಾಗದ ಮುಖ್ಯಸ್ಥರಿಗೆ

೧. ಬರೆಯುತ್ತಿರುವವರು: ಹನುಮಂತಯ್ಯ, ಹಳೇ ಕೆಂಗೇರಿ ನಿವಾಸಿ.
೨. ಬಾಧಿತಳು: ಮಗಳು ವರಲಕ್ಷ್ಮಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್.
೩. ಎದುರುದಾರರು: ಅಲ್ಲಿ ಅಂಗಿ ಹೊಲಿಸಿಕೊಳ್ಳುವ ವಿದೇಶಿ ಕಂಪನಿಯ ಮಾನವ ಹಕ್ಕು ಹಾಗೂ ನೈತಿಕತೆ ವಿಭಾಗದ ಮುಖ್ಯಸ್ಥರು, ಅಂದರೆ ತಾವು.
೪. ಮುಖಾಂತರ: ಯಾರೂ ಇಲ್ಲ. ಮುಖಾಂತರ ಹೋದ ಮಾತಿಗೆ ಏನಾಯಿತೆಂಬುದೇ ಈ ಪತ್ರದ ವಿಷಯ.

ಮಾನ್ಯರೇ,

ಸತ್ಯ ಹೇಳಿದ್ದಕ್ಕಾಗಿ ನನ್ನ ಮಗಳನ್ನು ಕಾರ್ಖಾನೆಯ ಹೊರಗೆ ನಿಲ್ಲಿಸಲಾಗಿದೆ. ಆ ಸತ್ಯವನ್ನು ಕೇಳಿಬರಲು ಆಳು ಕಳುಹಿಸಿದವರು ತಾವೇ.

ಕಳೆದ ವಾರ ತಮ್ಮ ಪರಿಶೀಲಕರು ದಯಮಾಡಿಸಿದ್ದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ರಂಗೋಲಿ ಬಿಟ್ಟು, ಶಾಲು ಹೊದಿಸಿ ಬರಮಾಡಿಕೊಂಡರಂತೆ. ಕೆಲಸಗಾರರೊಂದಿಗೆ 'ಖಾಸಗಿ ಮಾತುಕತೆ' ನಡೆಯಿತು. ಮಹನೀಯರಿಗೆ ಕನ್ನಡ ಬಾರದು. ಆದುದರಿಂದ ಆ ಖಾಸಗಿ ಕೋಣೆಯಲ್ಲಿ ತರ್ಜುಮೆಗೆ ಕುಳಿತವನು ಯಾರು? ಅದೇ ಕಾರ್ಖಾನೆಯ ಫ್ಲೋರ್ ಇನ್‌ಚಾರ್ಜ್ ಮುರಳೀಕೃಷ್ಣ! ಯಾರ ಮೇಲೆ ದೂರಿದೆಯೋ ಅವನ ಬಾಯಿಂದಲೇ ದೂರನ್ನು ಕೇಳುವ ಈ ಪದ್ಧತಿಯನ್ನು ತಮ್ಮ ಯಾವ ಪಂಡಿತರು ರೂಪಿಸಿದರು?

"ಸಾರ್, ಬಾತ್‌ರೂಮಿಗೆ ಹೋಗೋಕೆ ಟೋಕನ್ ಬೇಕು. ಇಡೀ ಲೈನಿಗೆ, ಅಷ್ಟೂ ಮಿಷನ್ನೋರಿಗೆ, ಒಂದೇ ಟೋಕನ್. ಅದು ಕೈಗೆ ಬರೋವರ್ಗೂ ತಡ್ಕೋಬೇಕು. ಅದಕ್ಕೇ ನಾವು ನೀರೇ ಕುಡಿಯಲ್ಲ," ಎಂದಳು ವರಲಕ್ಷ್ಮಿ. ಮುರಳೀಕೃಷ್ಣ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದು ಹೀಗೆ: ಕುಡಿಯುವ ನೀರು ಚೆನ್ನಾಗಿದೆಯಂತೆ, ತೃಪ್ತಿಯಿದೆಯಂತೆ.

ನನ್ನ ಮಗಳು ಪಿಯುಸಿ ಓದಿದವಳೆಂಬುದು ಅವನಿಗೆ ಗೊತ್ತಿರಲಿಲ್ಲ. "ನೋ ಸಾರ್! ವಾಟರ್ ಓಕೆ. ಬಾತ್‌ರೂಮ್, ನೋ ಪರ್ಮಿಷನ್!" ಎಂದುಬಿಟ್ಟಳು. ಪರಿಶೀಲಕರು ನಕ್ಕು, "ಗುಡ್ ಇಂಗ್ಲಿಷ್" ಎಂದು ಹೊಗಳಿ ಎದ್ದುಹೋದರು.

ಮರುದಿನ ಗೇಟಿನಲ್ಲಿ ಮುರಳೀಕೃಷ್ಣ ಕಾದಿದ್ದ. "ಏನಮ್ಮಾ, ಹೊಲಿಯೋಕೆ ಬಂದಿದೀಯೋ, ಇಂಗ್ಲಿಷಲ್ಲಿ ಭಾಷಣ ಮಾಡೋಕೆ ಬಂದಿದೀಯೋ?" ಎಂದು ಎಲ್ಲರೆದುರು ಹಂಗಿಸಿ, ಟೈಪು ಮಾಡಿದ ಕ್ಷಮಾಪಣೆ ಪತ್ರ ಕೈಗಿತ್ತ. ತಾನು ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಿ ಸೋಮವಾರದೊಳಗೆ ಸಹಿ ಹಾಕಿದರೆ ಮಿಷನ್ನು, ಇಲ್ಲವಾದರೆ ಮನೆ. ಪರಿಶೀಲನೆ ಮುಗಿಯುತ್ತಲೇ ತಮ್ಮ ಕಂಪನಿ ದಯಪಾಲಿಸಿದ ಪ್ರಶಂಸಾಪತ್ರವನ್ನು ಈಗ ಆ ಗೇಟಿಗೇ ತೂಗುಹಾಕಿದ್ದಾರೆ. ಒಳಗೆ ಬಿಡದಿರುವುದರಿಂದ ಅದನ್ನು ಸಾವಕಾಶವಾಗಿ ಓದುವ ಭಾಗ್ಯ ನನ್ನ ಮಗಳಿಗೆ ಲಭಿಸಿದೆ.

ದೂರು ಕೇಳಲೆಂದು ತಾವಿಟ್ಟಿರುವ ಸಂಖ್ಯೆಗೂ ಆಕೆ ಫೋನು ಮಾಡಿದಳು. 'ಇದು ಸರಬರಾಜುದಾರರ ಆಂತರಿಕ ವಿಷಯ' ಎಂಬ ಉತ್ತರ ಬಂತು. ಅಹುದೇ? ಸಮುದ್ರ ದಾಟಿ ಬಂದ ಅಂಗಿಯಲ್ಲಿ ಒಂದು ಹೊಲಿಗೆ ಬಿಟ್ಟಿದ್ದರೆ, ಯಾವ ಲೈನು, ಯಾವ ಮಿಷನ್ನು, ಯಾವ ಹೆಂಗಸು ಎಂದು ಅಲ್ಲಿಂದಲೇ ಪತ್ತೆ ಹಚ್ಚುತ್ತೀರಲ್ಲ! ಹೊಲಿಗೆ ಬಿಟ್ಟಾಗ ತಮ್ಮವಳಾಗುವ ಹೆಂಗಸು, ಬಾಯಿ ಬಿಟ್ಟಾಗ ಮಾತ್ರ ಪರರವಳಾಗುವುದು ಯಾವ ನೀತಿ?

ಮನೆಯಲ್ಲಿ ನನ್ನಾಕೆ ರಾಮಮ್ಮ, "ಸಹಿ ಗೀಚಿ ಬಿಸಾಕೇ ಅತ್ಲಾಗೆ. ಕೆಲ್ಸ ಉಳಿಯುತ್ತೆ," ಎನ್ನುತ್ತಾಳೆ.

"ಆಮೇಲೆ ಲೈನಲ್ಲಿರೋರ್ ಯಾರಾದ್ರೂ ಬಾಯಿ ಬಿಡ್ತಾರೇನಮ್ಮಾ? ಅಪ್ಪಾ, ನೀನೇ ಹೇಳು, ಹಾಕ್ಲಾ?" ಎಂದು ಮಗಳು ನನ್ನ ಮುಖ ನೋಡಿದಳು. ಬೇಡವೆಂದೆ. ಹಾಗೆಂದ ಮೇಲೆ ಈ ಪತ್ರ ಬರೆಯುವುದು ನನ್ನ ಪಾಲಿನ ಕರ್ತವ್ಯವಾಯಿತು.

ಆದಕಾರಣ, ಸೋಮವಾರ ಬೆಳಗಿನ ಪಾಳಿಗೆ ವರಲಕ್ಷ್ಮಿಯನ್ನು ಅವಳ ಮಿಷನ್ನಿನ ಮುಂದೆಯೇ ಕೂರಿಸತಕ್ಕದ್ದು. ಟೋಕನ್ ಪದ್ಧತಿಯನ್ನು ಅಂದೇ ರದ್ದುಪಡಿಸತಕ್ಕದ್ದು. ಇನ್ನು ಮುಂದೆ ಮಾತು ಕೇಳಬೇಕಿದ್ದಲ್ಲಿ ಕನ್ನಡ ಬಲ್ಲವರನ್ನು ನಮ್ಮ ಮನೆಗಳಿಗೆ ಕಳುಹಿಸತಕ್ಕದ್ದು; ತೋರಣ ಕಟ್ಟುವುದಿಲ್ಲ, ಕಾಫಿ ಕೊಡುತ್ತೇವೆ. ಇದು ಪ್ರಾರ್ಥನೆಯಲ್ಲ.

ಇಂತಿ,
ಜೀವಮಾನವಿಡೀ 'ಕೃಪೆದೋರಬೇಕು' ಎಂದೇ ಬರೆದು, ಇಂದು ಬರೆಯಲೊಲ್ಲದ
ಹನುಮಂತಯ್ಯ
ನಿವೃತ್ತ ನಕಲು ಗುಮಾಸ್ತ

ಲಗತ್ತು: ಕ್ಷಮಾಪಣೆ ಪತ್ರ, ಒಂದು. ಮೂಲಪ್ರತಿ, ನಕಲು ಇಟ್ಟುಕೊಂಡಿಲ್ಲ. ವರಲಕ್ಷ್ಮಿಯ ಹೆಸರನ್ನು ಹೊಡೆದುಹಾಕಲಾಗಿದೆ. ಸಹಿಯ ಜಾಗವನ್ನು ತಮಗಾಗಿ ಖಾಲಿ ಬಿಡಲಾಗಿದೆ.