ಹಿಂದಿನ ಚಕ್ರದೊಳಗಿದ್ದ ಸೀರೆಯಂಚು

ತಿಗನಾರೆ
17-11-2006

ಪುಟ್ಟಗೌರಿ,

ಅಲ್ಲ, ಟ್ರಾಕ್ಟರಿನ ಬ್ರೇಕ್ ಹಿಡಿಯಲಿಲ್ಲ ಎಂದು ನಿನ್ನೆ ಹೇಳಿದೆನಲ್ಲ, ಅದು ಅರ್ಧ ಮಾತು. ಹಿಡಿಯದ ಹಾಗೆ ಮಾಡಿದವನು ನಾನೇ. ನಿನ್ನ ಫೋಟೋದ ಮುಂದೆ ಕೂತು ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಅದಕ್ಕೇ ಇವತ್ತು ಕಾಗದ, ಕೊಟ್ಟಿಗೆಯ ಹೊಸಿಲ ಮೇಲೆ ಕೂತು.

ಮೊನ್ನೆ ಮಂಗಳವಾರ ಜೀರಹಳ್ಳಿ ಕಡೆಯ ಇಳಿಜಾರು. ಟ್ರೇಲರಿನಲ್ಲಿ ಆಲೂಗಡ್ಡೆ ಕೀಳಲು ಹೊರಟ ಹನ್ನೊಂದು ಹೆಂಗಸರು. ಬ್ರೇಕ್ ಒತ್ತಿದೆ. ಎಡಚಕ್ರ ಹಿಡಿಯಿತು, ಬಲಚಕ್ರ ಎಣ್ಣೆಯಲ್ಲಿ ಮಿಂದು ಜಾರಿತು. ಗಾಡಿ ಎಡಕ್ಕೆ ತಿರುಗಿ ಲಂಟಾನ ಪೊದೆಗೆ ನುಗ್ಗಿ ನಿಂತಿತು. ಪೊದೆಯ ಆಚೆಗೆ ಹಳ್ಳ. ಕಾಲೇಜಿನಲ್ಲಿ ಒಂದು ಪಾಠವಿತ್ತು, ಫ್ರಿಕ್ಷನ್ ಈಸ್ ಎ ನೆಸೆಸರಿ... ಮುಂದಿನ ಪದ ಆವತ್ತೂ ಬರಲಿಲ್ಲ, ಈಗಲೂ ಬರುತ್ತಿಲ್ಲ. ಟ್ರೇಲರಿನಲ್ಲಿದ್ದ ಬೊಮ್ಮಮ್ಮನ ಮಣಿಕಟ್ಟು ಉಳುಕಿತು. ಬೈಯುತ್ತಾಳೆ ಅಂದುಕೊಂಡೆ. ಕೈ ಹಿಡಿದುಕೊಂಡು ಇಷ್ಟೇ ಅಂದಳು: "ಗೌರಕ್ಕ ಇದ್ದಿದ್ರ ಈ ಗಾಡಿಗ ನಮ್ಮನ್ನ ಅತ್ತುಸ್ತಿರ್ನಿಲ್ಲ ಕಣಣ್ಣ."

ಬೈದಿದ್ದರೆ ಚೆನ್ನಾಗಿತ್ತು.

ನಿನಗೆ ನೆನಪಿದೆಯಲ್ಲ, ಐದು ವರ್ಷದ ಕೆಳಗೆ ಇದೇ ಬಲಚಕ್ರದ ಆಯಿಲ್ ಸೀಲ್, ಎಣ್ಣೆ ತಡೆಯುವ ಆ ರಬ್ಬರ್ ಉಂಗುರ, ಹರಿದಿತ್ತು. ನಮ್ಮ ಮದುವೆಗಿಂತ ಹಳೆಯ ಗಾಡಿ. ಆ ಮಾಡೆಲ್ಲಿನ ಸೀಲು ಸತ್ಯಮಂಗಲದಲ್ಲೂ ಇಲ್ಲ, ಚಾಮರಾಜನಗರದಲ್ಲೂ ಇಲ್ಲ. ನಾನು ಸೊಂಟಕ್ಕೆ ಕೈ ಕೊಟ್ಟುಕೊಂಡು, "ಸ್ಪೇರ್ ನಾಟ್ ಅವೈಲಬಲ್, ಗೌರಿ. ಟೆಂಪರರಿ ಅರೇಂಜ್‌ಮೆಂಟ್ ಮಾಡಬೇಕು" ಅಂದೆ. "ನಿಮ್ಮ ಇಂಗ್ಲೀಸ್ನ ಎಣ್ಣ ಕೇಳದಾ? ಅತ್ಲಾಗ್ ಸರೀರಿ" ಅಂತ ಒಳಗೆ ಹೋದ ನೀನು, ಹಳೆಯ ಮರೂನ್ ಸೀರೆಯ ಅಂಚು ಹರಿದು ತಂದೆ. ದೀಪದ ಬತ್ತಿ ಹೊಸೆಯುವ ಹಾಗೆ ತೊಡೆಯ ಮೇಲೆ ಹೊಸೆದು, ಗ್ರೀಸಿನಲ್ಲಿ ಅದ್ದಿ ಕೊಟ್ಟೆ. ಪಂಪಿಗೆ ಹಗ್ಗ ಸುತ್ತಿ ನೀರು ತಡೆಯುತ್ತೇವಲ್ಲ, ಹಾಗೆ ನಾನು ಅದನ್ನು ಆಕ್ಸಲ್ಲಿನ ಸುತ್ತ ತುರುಕಿದೆ. ಎಣ್ಣೆ ನಿಂತಿತು. ಟೆಂಪರರಿ ಅಂದದ್ದು ವರ್ಷಗಟ್ಟಲೆ ನಿಂತಿತು. ಪರ್ಮನೆಂಟ್ ಅಂದುಕೊಂಡಿದ್ದ ನೀನು ಮೂರು ದಿನದ ಜ್ವರಕ್ಕೆ ಹೊರಟುಬಿಟ್ಟೆ.

ನಿನ್ನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ನನ್ನಕ್ಕ ಮಂಗಳಮ್ಮ ನಿನ್ನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಕೊಟ್ಟು ಕಳಿಸಿದಳು. "ಒಂದ್ ನೂಲೂ ಉಳೀಬಾರ್ದು ಕಣ್ಲಾ. ಉಳುದ್ರ ಅವ್ಳ ಜೀವ ಇಲ್ಲೇ ಸುತ್ತುತ್ತದ." ನಿನ್ನ ಸೀರೆಯ ತುಂಡುಗಳಿವೆ ಎಂದು ಕೌದಿಯನ್ನೂ ಬಿಡಲಿಲ್ಲ. ನಾನು ಸುಮ್ಮನೆ ತಲೆಯಾಡಿಸಿದೆ. ಚಕ್ರದೊಳಗೆ ಒಂದು ಮೊಳ ಇದೆ ಎಂದು ಹೇಳಲಿಲ್ಲ. ಸುತ್ತಲಿ ಅಂದುಕೊಂಡೆ ಗೌರಿ. ನಾನು ಉಳುವಾಗ ನೀನೂ ಸುತ್ತುತ್ತಿರು.

ಈ ವರ್ಷ ಯುಗಾದಿ ಕಳೆದ ಮೇಲೆ ಆ ಚಕ್ರ ಮತ್ತೆ ಸೋರತೊಡಗಿತು. ಮೆಕ್ಯಾನಿಕ್ ಶಿವಮಲ್ಲು ಕೊಯಮತ್ತೂರಿನಿಂದ ಸರಿಯಾದ ಸೀಲನ್ನೇ ಹುಡುಕಿ ತಂದುಕೊಟ್ಟ. ಅದನ್ನು ಗೋಡೆಯ ಗೂಡಿನಲ್ಲಿಟ್ಟೆ. ನಾಳೆ, ನಾಡಿದ್ದು, ಕೊಯ್ಲು ಮುಗಿಯಲಿ. ಆರು ತಿಂಗಳು. ದಿನಾ ಬೆಳಿಗ್ಗೆ ಯಾರೂ ಏಳುವ ಮೊದಲೇ ಎದ್ದು, ಚಕ್ರದಡಿ ತೊಟ್ಟಿಕ್ಕಿದ ಎಣ್ಣೆಯ ಮೇಲೆ ಒಲೆಯ ಬೂದಿ ಎರಚುತ್ತಿದ್ದೆ. ಯಾರ ಕಣ್ಣಿಗೂ ಬೀಳದಿರಲಿ ಎಂದು. ಸೀಲು ಹಾಕಿಸಿದರೆ ನಿನ್ನ ಬತ್ತಿ ತೆಗೆಯಬೇಕಲ್ಲ. ಅದಕ್ಕಾಗಿ ಹನ್ನೊಂದು ಜನರನ್ನು ಹಳ್ಳದ ಅಂಚಿಗೆ ಒಯ್ದೆ. ಅವರಲ್ಲಿ ಇಬ್ಬರಿಗೆ ಹಾಲು ಕುಡಿಯುವ ಕೂಸುಗಳಿವೆ.

ಇವತ್ತು ಶಿವಮಲ್ಲು ಬಂದ. ಗೂಡಿನಲ್ಲಿದ್ದ ಸೀಲು ನೋಡಿ, "ಇದೇನಣ್ಣ, ತಂದ್ಕೊಟ್ಟುದ್ನ ಪೂಜ ಮಾಡ್ತಾ ಕೂತಿದ್ದಯಾ?" ಎಂದು ನಕ್ಕ. ಜಾಕ್ ಕೊಟ್ಟು ಚಕ್ರ ಬಿಚ್ಚಿದೆವು, ಡ್ರಮ್ ಬಿಚ್ಚಿದೆವು, ಆಕ್ಸಲ್ ಎಳೆದೆವು. ಅವನು ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ನಿನ್ನ ಬತ್ತಿ ಕಪ್ಪು ಬಳೆಯ ಹಾಗೆ ಹೊರಗೆ ಬಂತು. "ಯಾವ್ ಬಟ್ಟಣ್ಣ ಇದು, ಕೈ ಒರುಸ್ಕಳಕಾಯ್ತದ" ಎಂದು ಎತ್ತಿಕೊಂಡ. ನಾನು ಕಿತ್ತುಕೊಂಡೆ. ಕಿತ್ತುಕೊಂಡ ರಭಸಕ್ಕೆ ನನಗೇ ನಾಚಿಕೆಯಾಯಿತು. ಅವನು ನನ್ನ ಮುಖ ನೋಡಿ, ದನಿ ಇಳಿಸಿ, "ಗೌರಕ್ಕಂದಾ?" ಅಂದ. ಆಮೇಲೆ ಬ್ರೇಕಿನ ಲೈನಿಂಗನ್ನು ಪೆಟ್ರೋಲಿನಲ್ಲಿ ಉಜ್ಜಿ ತೊಳೆದ. ಹೊಸ ಸೀಲಿನ ತುಟಿಯನ್ನು ಒಳಗೆ, ಎಣ್ಣೆಯ ಕಡೆಗೆ ತಿರುಗಿಸಿಟ್ಟು, ಮರದ ತುಂಡು ಕೊಟ್ಟು ಮೆತ್ತಗೆ ಬಡಿದು ಕೂರಿಸಿದ. ಇಳಿಜಾರಿನಲ್ಲಿ ಓಡಿಸಿ ನೋಡಿದೆವು. ಎರಡೂ ಚಕ್ರ ಒಟ್ಟಿಗೇ ಹಿಡಿದವು. ಒಂದು ತೊಟ್ಟೂ ಸೋರಲಿಲ್ಲ. ಸೋರಲಿಲ್ಲವಲ್ಲ ಎಂದು ನನಗೆ ಅಳು ಬಂತು, ನೋಡು, ಎಂಥ ಮನುಷ್ಯ ನಾನು.

ಅವನು ಹೋದ ಮೇಲೆ ಬತ್ತಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಒಂದು ತುದಿಯನ್ನಷ್ಟೇ ಬಿಡಿಸುತ್ತಾ ಕೂತೆ. ಎಷ್ಟು ಬಿಗಿಯಾಗಿ ಹೊಸೆದಿದ್ದೀಯೆ! ಮೇಲಿನ ಸುತ್ತೆಲ್ಲ ಮಸಿ. ತೀರಾ ಒಳಗೆ, ಬೆರಳಗಲದಷ್ಟು ಜಾಗದಲ್ಲಿ, ಮರೂನ್ ಇನ್ನೂ ಮರೂನಾಗಿಯೇ ಇದೆ. ಪಕ್ಕದಲ್ಲಿ ಒಂದೆಳೆ ಹಳದಿ. ಮೂಸಿ ನೋಡಿದೆ. ಗ್ರೀಸು. ಬೇರೇನೂ ಇಲ್ಲ.

ನಾಳೆ ಬೊಮ್ಮಮ್ಮನನ್ನು ಟ್ರಾಕ್ಟರಿನಲ್ಲೇ ತಾಳವಾಡಿಗೆ ಕಟ್ಟು ಹಾಕಿಸಲು ಕರೆದೊಯ್ಯುತ್ತೇನೆ. ಬೂದಿ ಎರಚುತ್ತಿದ್ದ ವಿಷಯವನ್ನೂ ಹೇಳುತ್ತೇನೆ. ಆಗಲಾದರೂ ಬೈಯಲಿ.

ಅಯ್ಯೋ, ಬೆಳಕು ಹೋಗುತ್ತಿದೆ. ಬರೆದ ಸಾಲು ಕಾಣುತ್ತಿಲ್ಲ. ಕರೆಂಟೂ ಇಲ್ಲ. ನಿನ್ನ ಫೋಟೋದ ದೀಪಕ್ಕೆ ಬತ್ತಿ ಬೇಕು, ಹೊಸೆಯುವುದನ್ನು ನಿನ್ನಿಂದ ಕಲಿಯಲೇ ಇಲ್ಲ. ಕೈಯಲ್ಲಿರುವುದು ನೀನು ಹೊಸೆದದ್ದೊಂದೇ, ಎಣ್ಣೆ ಕುಡಿದು ಸಿದ್ಧವಾಗಿದೆ. ಹಚ್ಚಿಬಿಟ್ಟರೆ ಅಕ್ಕ ಹೇಳಿದ ಹಾಗೆ ಒಂದು ನೂಲೂ ಉಳಿಯುವುದಿಲ್ಲ, ನಿನಗೆ ದಾರಿ ಬಿಟ್ಟ ಹಾಗಾಗುತ್ತದೆ.

ಇವತ್ತೊಂದು ದಿನ ಕತ್ತಲಲ್ಲೇ ಇರೋಣ ಗೌರಿ. ನಾಳೆ ಹಚ್ಚುತ್ತೇನೆ. ನೀನು ಹೋಗುವ ದಾರಿ ತಣ್ಣಗಿರಲಿ.

ನಿನ್ನ
ಬಿಳಿಗಿರಿ